ಪೆಟ್ಟಿಗೆಯಿಂದ ತೆಗೆದಾಗಲೇ ಬಾಗಿಲು ಹಾಕಿರಬೇಕು

ಶಿಕ್ಷಕ ಮಿತ್ರರೇ, ನಿಮ್ಮ ಶಾಲೆಯಲ್ಲಿ ಕಂಪ್ಯೂಟರು ಇದ್ದರೆ ನಿಮಗೊಂದು ಪ್ರಶ್ನೆ. ಅದನ್ನು ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲಿಟ್ಟ ದಿನದಿಂದ ಇಂದಿನವರೆಗೆ ಅದರೊಳಗಿನ ಏನನ್ನು ನೀವು ಬದಲಾಯಿಸಿದ್ದೀರಿ? ಪರದೆಯ ಚಿತ್ರ ಬದಲಾಯಿಸಿರಬಹುದು. ಚಾಮುಂಡಿ ಬೆಟ್ಟದ್ದೋ ಶಾಲಾ ವಾರ್ಷಿಕೋತ್ಸವದ್ದೋ ಫೋಟೊ ಹಾಕಿರಬಹುದು. ಅಕ್ಷರದ ಗಾತ್ರ ಹೆಚ್ಚಿಸಿರಬಹುದು, ಕನ್ನಡ ಕೀಲಿಮಣೆ ಸೇರಿಸಿರಬಹುದು. ಅದರಾಚೆಗೆ? ಯಾವ ಪ್ರೋಗ್ರಾಂ ತಾನಾಗಿಯೇ ಓಡಬೇಕು, ಹೊರಗಿನಿಂದ ಯಾರು ಒಳಗೆ ಬರಬಹುದು, ಮಕ್ಕಳು ಕುಳಿತಾಗ ಅವರಿಗೆ ಎಷ್ಟು ಅಧಿಕಾರ ಇರಬೇಕು, ಇವನ್ನು ಮುಟ್ಟಿದವರು ನಮ್ಮಲ್ಲಿ ಕಡಿಮೆ.

ಮೈಸೂರಿನಲ್ಲಿ ನಡೆದ ಒಂದು ವಿಜ್ಞಾನ ಶಿಕ್ಷಕರ ತರಬೇತಿಯಲ್ಲಿ ನಾನು ಇದೇ ಪ್ರಶ್ನೆ ಕೇಳಿದೆ. ಒಂದೆರಡು ಕೈಗಳು ಮಾತ್ರ ಮೇಲೆದ್ದವು. “ಅವರು ಹೇಗೆ ಕೊಟ್ಟರೋ ಹಾಗೇ ಇಟ್ಕೊಂಡಿದೀವಿ ಮೇಡಂ. ಮುಟ್ಟಿದ್ರೆ ಎಲ್ಲಿ ಕೆಟ್ಟೋಗುತ್ತೋ ಅಂತ ಭಯ” ಎಂದರು ನಂಜನಗೂಡು ತಾಲ್ಲೂಕಿನ ಮೇಷ್ಟ್ರೊಬ್ಬರು. ಎಲ್ಲರೂ ನಕ್ಕರು. ಆದರೆ ಅವರು ಹೇಳಿದ್ದು ಜಗತ್ತಿನ ಬಹುಪಾಲು ಕಂಪ್ಯೂಟರು ಬಳಕೆದಾರರ ಮಾತು. ವೈದ್ಯರು, ವಕೀಲರು, ಬ್ಯಾಂಕಿನವರು ಎಲ್ಲರೂ ಹಾಗೆಯೇ.

ನಾವು ಏನೂ ಮಾಡದೆ ಬಿಟ್ಟಾಗ ಒಂದು ಯಂತ್ರ ಯಾವ ಸ್ಥಿತಿಯಲ್ಲಿ ಇರುತ್ತದೋ ಅದನ್ನು ಪೂರ್ವನಿಯೋಜಿತ ಸ್ಥಿತಿ ಎನ್ನುತ್ತಾರೆ. ಕಂಪ್ಯೂಟರಿನವರ ಮಾತಿನಲ್ಲಿ ಡಿಫಾಲ್ಟ್. ಹೆಚ್ಚಿನವರು ಅದನ್ನು ಬದಲಾಯಿಸುವುದಿಲ್ಲ. ಆದ್ದರಿಂದ ಮೊದಲ ಸ್ಥಿತಿಯನ್ನು ಯಾರು ನಿರ್ಧರಿಸಿದರೋ ಅವರೇ ಯಂತ್ರದ ಇಡೀ ಆಯುಸ್ಸಿನ ಸ್ಥಿತಿಯನ್ನು ನಿರ್ಧರಿಸಿದಂತೆ. ಹಾಗಿದ್ದರೆ ಆ ನಿರ್ಧಾರವನ್ನು ಯಾರು ಮಾಡುತ್ತಾರೆ? ನಾವು ಅದನ್ನು ಓದಬಹುದೇ, ಪ್ರಶ್ನಿಸಬಹುದೇ? ಈ ಲೇಖನದ ವಿಷಯ ಇದೇ.

ಕೈಮರ ಹೇಳುವ ಪಾಠ

ಮಕ್ಕಳನ್ನು ಪ್ರವಾಸಕ್ಕೆಂದು ಮೈಸೂರಿಗೆ ಕರೆತಂದವರು ರೈಲ್ವೆ ವಸ್ತುಸಂಗ್ರಹಾಲಯವನ್ನು ನೋಡಿರುತ್ತೀರಿ. 1979ರಲ್ಲಿ ಆರಂಭವಾದ ಈ ಸಂಗ್ರಹಾಲಯದಲ್ಲಿ ಮಕ್ಕಳೆಲ್ಲ ಹಳೆಯ ಉಗಿಯಂತ್ರಗಳ ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳುತ್ತಾರೆ. ಮುಂದಿನ ಸಲ ಹೋದಾಗ ಹಳೆಯ ಕಾಲದ ಸಿಗ್ನಲ್ಲುಗಳ ಬಗೆಗೂ ಅವರೊಡನೆ ಮಾತಾಡಿ.

ಹಳೆಯ ಕೈಮರದಲ್ಲಿ ಒಂದು ಕಂಬ, ಅದಕ್ಕೊಂದು ತೋಳು. ತೋಳು ಅಡ್ಡವಾಗಿದ್ದರೆ ರೈಲು ನಿಲ್ಲಬೇಕು. ಕೆಳಕ್ಕೆ ವಾಲಿದ್ದರೆ ಹೋಗಬಹುದು. ದೂರದ ಕ್ಯಾಬಿನ್ನಿನಲ್ಲಿ ಕುಳಿತವರು ಸನ್ನೆಗೋಲನ್ನು ಎಳೆದರೆ ಉದ್ದನೆಯ ತಂತಿಯ ಮೂಲಕ ತೋಳು ಇಳಿಯುತ್ತಿತ್ತು. ತಂತಿ ತುಂಡಾದರೆ ಏನಾಗುತ್ತಿತ್ತು? ಕಂಬದಲ್ಲಿ ತೂಗುಹಾಕಿದ ಎದುರುತೂಕ ತೋಳನ್ನು ಮತ್ತೆ ಅಡ್ಡಕ್ಕೆ, ಅಂದರೆ ‘ನಿಲ್ಲು’ ಎಂಬ ಸ್ಥಿತಿಗೆ ತರುತ್ತಿತ್ತು. ತಂತಿ ತುಂಡಾದದ್ದು ಯಾರಿಗೂ ಗೊತ್ತಾಗದಿದ್ದರೂ ರೈಲು ನಿಲ್ಲುತ್ತಿತ್ತು. ತಡವಾಗುತ್ತಿತ್ತು ನಿಜ, ಆದರೆ ಡಿಕ್ಕಿಯಾಗುತ್ತಿರಲಿಲ್ಲ.

ಮನುಷ್ಯ ಮರೆಯುತ್ತಾನೆ, ತಂತಿ ತುಂಡಾಗುತ್ತದೆ, ಕರೆಂಟು ಹೋಗುತ್ತದೆ. ಇವೆಲ್ಲ ಆಗಿಯೇ ಆಗುತ್ತವೆ ಎಂದು ಒಪ್ಪಿಕೊಂಡು, ಆಗ ಯಂತ್ರ ಯಾವ ಕಡೆಗೆ ವಾಲಬೇಕು ಎಂಬುದನ್ನು ಮೊದಲೇ ಯೋಚಿಸುವುದು ಒಳ್ಳೆಯ ವಿನ್ಯಾಸದ ಗುಣ. ಕಂಪ್ಯೂಟರಿಗೂ ಇದೇ ಮಾತು.

ಅರಳಿ ಮರದ ಫೋಟೊಗಳು

ನಾನು ಭೇಟಿಕೊಡುವ ಶಾಲೆಗಳಲ್ಲಿ ಒಂದರ ಕಥೆ ಹೇಳುತ್ತೇನೆ. ಹೆಸರು ಬೇಡ. ಅಲ್ಲಿನ ಏಳನೇ ತರಗತಿಯ ಮಕ್ಕಳು ಶಾಲೆಯ ಎದುರಿನ ಅರಳಿ ಮರವನ್ನು ಪ್ರತಿ ಸೋಮವಾರ ಒಂದೇ ಜಾಗದಲ್ಲಿ ನಿಂತು ಫೋಟೊ ತೆಗೆಯುತ್ತಿದ್ದರು. ಎಲೆ ಯಾವ ವಾರ ಉದುರಿತು, ಕೆಂಪು ಚಿಗುರು ಯಾವ ವಾರ ಬಂತು, ಅದು ಹಸಿರಾಗಲು ಎಷ್ಟು ದಿನ ಹಿಡಿಯಿತು, ಹಣ್ಣಿಗೆ ಯಾವ ಹಕ್ಕಿ ಬಂತು – ಎಲ್ಲವೂ ಜೋಡಿಸಿಟ್ಟ ಫೋಟೊಗಳಲ್ಲಿ ಕಾಣುತ್ತಿತ್ತು. ಇದಕ್ಕಿಂತ ಒಳ್ಳೆಯ ವಿಜ್ಞಾನ ಪಾಠ ನಾನು ನೋಡಿಲ್ಲ. ಫೋಟೊಗಳಿದ್ದದ್ದು ದಾನವಾಗಿ ಬಂದ ಒಂದು ಹಳೆಯ ಕಂಪ್ಯೂಟರಿನಲ್ಲಿ.

ಆ ಕಂಪ್ಯೂಟರಿನಲ್ಲಿ ಒಂದೇ ಖಾತೆ ಇತ್ತು. ಅದಕ್ಕೆ ಎಲ್ಲ ಅಧಿಕಾರವೂ ಇತ್ತು. ಪೆನ್‌ಡ್ರೈವು ಹಾಕಿ ಅದನ್ನು ತೆರೆದರೆ ಒಳಗಿರುವ ಪ್ರೋಗ್ರಾಮನ್ನು ಕೇಳದೆಯೇ ಓಡಿಸುವ ‘ಸೌಲಭ್ಯ’ವೂ ಚಾಲೂ ಇತ್ತು. ಒಂದು ದಿನ ಯಾವುದೋ ಸುತ್ತೋಲೆಯನ್ನು ಮುದ್ರಿಸಿಕೊಂಡು ಬರಲು ಹೊರಗಿನ ಅಂಗಡಿಗೆ ಹೋಗಿದ್ದ ಪೆನ್‌ಡ್ರೈವು ವೈರಸ್ಸನ್ನು ಹೊತ್ತು ತಂದಿತು. ಕಡತಗಳೆಲ್ಲ ಮಾಯವಾಗಿ ಅವುಗಳ ಜಾಗದಲ್ಲಿ ಶಾರ್ಟ್‌ಕಟ್‌ಗಳು ಕೂತವು. ವಾಸ್ತವವಾಗಿ ಇಂಥ ವೈರಸ್ಸುಗಳು ಕಡತವನ್ನು ಅಳಿಸುವುದಿಲ್ಲ, ಬಚ್ಚಿಡುತ್ತವೆ ಅಷ್ಟೆ. ಆದರೆ ಸರಿಮಾಡಲು ಬಂದವರು ಡಿಸ್ಕನ್ನೇ ಫಾರ್ಮ್ಯಾಟ್ ಮಾಡಿ, ಎಲ್ಲವನ್ನೂ ಹೊಸದಾಗಿ ಹಾಕಿ ಹೋದರು. ಹಾಕುವಾಗ ಮತ್ತೆ ಅದೇ ಒಂದೇ ಖಾತೆ, ಅದೇ ಸೌಲಭ್ಯ.

“ನಮ್ಮಿಂದ ಏನು ತಪ್ಪಾಯ್ತು ಮೇಡಂ?” ಎಂದು ಮುಖ್ಯ ಶಿಕ್ಷಕಿ ಕೇಳಿದರು. ಅವರಿಂದ ಏನೂ ತಪ್ಪಾಗಿರಲಿಲ್ಲ. ಕೊಟ್ಟದ್ದನ್ನು ಕೊಟ್ಟಂತೆಯೇ ಬಳಸಿದ್ದರು. ಉದುರಿದ ಎಲೆಯನ್ನು ಮರಕ್ಕೆ ಮತ್ತೆ ಅಂಟಿಸಿ ಫೋಟೊ ತೆಗೆಯಲಾಗದು. ಆ ಮಕ್ಕಳು ಅಷ್ಟರಲ್ಲಿ ಹೈಸ್ಕೂಲಿಗೆ ಹೋಗಿದ್ದರು.

ಇದು ಮಕ್ಕಳ ಫೋಟೊಗಳ ಮಾತಾಯಿತು. ಇಂದು ನಮ್ಮ ಶಾಲೆಯ ಕಂಪ್ಯೂಟರುಗಳಲ್ಲಿ ಎಸ್‌ಎಟಿಎಸ್ ಮಾಹಿತಿ ಇದೆ, ಮಕ್ಕಳ ಆಧಾರ್ ಸಂಖ್ಯೆ ಇದೆ, ವಿದ್ಯಾರ್ಥಿವೇತನಕ್ಕಾಗಿ ಪೋಷಕರು ನಂಬಿ ಕೊಟ್ಟ ಬ್ಯಾಂಕ್ ಖಾತೆಯ ವಿವರ ಇದೆ. ಅವು ಅಳಿಸಿಹೋಗುವುದಕ್ಕಿಂತ ಬೇರೆಯವರ ಕೈಸೇರುವುದು ದೊಡ್ಡ ಅಪಾಯ.

ಬೀಗ ಇತ್ತು, ಹಾಕಿರಲಿಲ್ಲ

ಪೂರ್ವನಿಯೋಜಿತ ಸ್ಥಿತಿ ಎಷ್ಟು ಮುಖ್ಯ ಎಂಬುದನ್ನು ಇಡೀ ಜಗತ್ತು ಕಲಿತದ್ದು 2003ರಲ್ಲಿ. ಆ ವರ್ಷದ ಆಗಸ್ಟಿನಲ್ಲಿ ಬ್ಲಾಸ್ಟರ್ ಎಂಬ ಕ್ರಿಮಿ-ಪ್ರೋಗ್ರಾಂ ವಿಂಡೋಸ್ ಎಕ್ಸ್‌ಪಿ ಮತ್ತು ವಿಂಡೋಸ್ 2000 ಇದ್ದ ಕಂಪ್ಯೂಟರುಗಳಿಗೆ ನುಗ್ಗಿತು. ಯಾರೂ ಏನನ್ನೂ ಕ್ಲಿಕ್ ಮಾಡಬೇಕಾಗಿರಲಿಲ್ಲ. ಇಂಟರ್‌ನೆಟ್ಟಿಗೆ ಸೇರಿಕೊಂಡಿದ್ದರೆ ಸಾಕಾಗಿತ್ತು. ಅದು ಬಳಸಿದ ದೋಷಕ್ಕೆ ತಿದ್ದುಪಡಿ ಜುಲೈನಲ್ಲೇ ಬಂದಿತ್ತು, ಆದರೆ ಬಹಳ ಮಂದಿ ಹಾಕಿಕೊಂಡಿರಲಿಲ್ಲ.

ಇದರಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. 2001ರಲ್ಲಿ ಬಿಡುಗಡೆಯಾದ ವಿಂಡೋಸ್ ಎಕ್ಸ್‌ಪಿಯಲ್ಲಿ ಹೊರಗಿನ ಸಂಪರ್ಕವನ್ನು ತಡೆಯುವ ಗೋಡೆ, ಅಂದರೆ ಫೈರ್‌ವಾಲ್, ಮೊದಲಿನಿಂದಲೂ ಇತ್ತು. ಆದರೆ ಅದು ಚಾಲೂ ಇರಲಿಲ್ಲ. ಬೇಕಾದವರು ಹುಡುಕಿ ಚಾಲೂ ಮಾಡಿಕೊಳ್ಳಬೇಕಿತ್ತು. 2004ರ ಆಗಸ್ಟಿನಲ್ಲಿ ಬಂದ ಎರಡನೆಯ ಸರ್ವಿಸ್ ಪ್ಯಾಕ್‌ನಲ್ಲಿ ಮೈಕ್ರೋಸಾಫ್ಟ್ ಅದನ್ನು ಪೂರ್ವನಿಯೋಜಿತವಾಗಿ ಚಾಲೂ ಮಾಡಿತು. ಬಾಗಿಲಿಗೆ ಬೀಗ ಇರುವುದು ಬೇರೆ, ಬೀಗ ಹಾಕಿರುವುದು ಬೇರೆ.

ಇತ್ತೀಚಿನ ಇನ್ನೊಂದು ಉದಾಹರಣೆ ನೋಡಿ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಸಿಸಿಟಿವಿ ಕ್ಯಾಮೆರಾ, ರೌಟರು ಮುಂತಾದವನ್ನು ಲಕ್ಷಗಟ್ಟಲೆ ವಶಪಡಿಸಿಕೊಂಡಿತು. ಅದರ ತಂತ್ರ ಬಹಳ ಸರಳ. ಕಾರ್ಖಾನೆಯಲ್ಲಿ ಇಟ್ಟು ಕಳಿಸಿದ ಹೆಸರು, ಪಾಸ್‌ವರ್ಡುಗಳ ಒಂದು ಸಣ್ಣ ಪಟ್ಟಿ ಅದರ ಬಳಿ ಇತ್ತು. ಒಂದೊಂದನ್ನೇ ಹಾಕಿ ನೋಡುತ್ತಿತ್ತು. ಯಾರೂ ಬದಲಾಯಿಸಿರಲಿಲ್ಲವಾದ್ದರಿಂದ ಬಾಗಿಲು ತೆರೆಯುತ್ತಿತ್ತು. ಇಂಥ ಎಲ್ಲರಿಗೂ ಒಂದೇ ಆದ ಸುಲಭದ ಪಾಸ್‌ವರ್ಡುಗಳನ್ನು ಇಟ್ಟು ಮಾರುವುದನ್ನು ಬ್ರಿಟನ್ 2024ರ ಏಪ್ರಿಲ್ 29ರಿಂದ ಕಾನೂನಿನ ಮೂಲಕವೇ ನಿಷೇಧಿಸಿದೆ.

ಬಡಿಸುವ ಮೊದಲು ರುಚಿ ನೋಡುವುದು

ನಮ್ಮ ಶಾಲೆಗಳಲ್ಲಿ ಬಿಸಿಯೂಟವನ್ನು ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರೊಬ್ಬರು ರುಚಿ ನೋಡಬೇಕು. ಸಾಂಬಾರು ಎಷ್ಟೇ ಘಮ್ಮೆನ್ನಲಿ, ಮಕ್ಕಳು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿರಲಿ, ರುಚಿ ನೋಡದೆ ಬಡಿಸುವಂತಿಲ್ಲ. ಅಡುಗೆಯವರ ಮೇಲೆ ಅನುಮಾನವಿದೆ ಎಂದು ಮಾಡಿದ ನಿಯಮವಲ್ಲ ಇದು. ಬಡಿಸಿದ ಮೇಲೆ ವಾಪಸು ಪಡೆಯಲಾಗದು, ಅದಕ್ಕೇ.

ಆಪರೇಟಿಂಗ್ ಸಿಸ್ಟಂಗಳಿಗೂ ಇಂಥ ನಿಯಮ ಇರುತ್ತದೆಯೇ? ಇರುತ್ತದೆ. ಅದನ್ನು ಬಿಡುಗಡೆಯ ಷರತ್ತುಗಳು ಎನ್ನಬಹುದು. ಇವುಗಳನ್ನು ಪೂರೈಸದಿದ್ದರೆ ಹೊಸ ಆವೃತ್ತಿ ಹೊರಗೆ ಬರುವುದಿಲ್ಲ.

ಮೊದಲು ಸ್ವತಂತ್ರ ತಂತ್ರಾಂಶ ಎಂದರೇನು ಎಂದು ನೆನಪು ಮಾಡಿಕೊಳ್ಳೋಣ. ಯಾರು ಬೇಕಾದರೂ ಬಳಸಬಹುದಾದ, ಒಳಗೆ ಹೇಗೆ ಬರೆದಿದ್ದಾರೆಂದು ಓದಬಹುದಾದ, ತಿದ್ದಬಹುದಾದ, ಇತರರಿಗೆ ಹಂಚಬಹುದಾದ ತಂತ್ರಾಂಶ ಅದು. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಪ್ರಕಟಿಸಿದರು. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ತಿರುಳನ್ನು ಹಂಚಿದರು. ಇವೆರಡೂ ಸೇರಿ, ಅದಕ್ಕೆ ಇನ್ನೂ ಸಾವಿರಾರು ಪ್ರೋಗ್ರಾಮುಗಳು ಕೂಡಿ, ಡೆಬಿಯನ್, ಫೆಡೋರಾ, ಉಬುಂಟು ಮುಂತಾದ ಹಂಚಿಕೆಗಳಾದವು.

ಫೆಡೋರಾದ ಮೊದಲ ಆವೃತ್ತಿ 2003ರ ನವೆಂಬರಿನಲ್ಲಿ ಬಂತು. ರೆಡ್ ಹ್ಯಾಟ್ ಸಂಸ್ಥೆಯ ಬೆಂಬಲ ಇರುವ ಈ ಯೋಜನೆಯಲ್ಲಿ ಸ್ವಯಂಸೇವಕರೂ ಬಹಳ. ಇವರ ಬಿಡುಗಡೆಯ ಷರತ್ತುಗಳು ಬರಹದಲ್ಲಿವೆ, ಎಲ್ಲರೂ ಓದಬಹುದು. ಅವುಗಳಲ್ಲಿ ಕೆಲವು ‘ಚಿತ್ರ ಸರಿಯಾಗಿ ಕಾಣಬೇಕು’, ‘ಸದ್ದು ಕೇಳಬೇಕು’ ಎಂಬಂಥವು. ಕೆಲವು ಭದ್ರತೆಯವು. ಉದಾಹರಣೆಗೆ, ಬಳಕೆದಾರ ಬೇರೆ ರೀತಿ ಹೇಳದ ಹೊರತು, ಪ್ರೋಗ್ರಾಮುಗಳು ತಮ್ಮ ಮಿತಿ ಮೀರದಂತೆ ಕಾಯುವ ಎಸ್‌ಇಲಿನಕ್ಸ್ ಎಂಬ ಕಾವಲು ಅನುಸ್ಥಾಪನೆಯಾದ ಕೂಡಲೇ ಚಾಲೂ ಇರಬೇಕು. ಬರಿಯ ಎಚ್ಚರಿಕೆ ಕೊಟ್ಟು ಸುಮ್ಮನಾಗುವಂತಿಲ್ಲ, ತಡೆಯಬೇಕು. ಸರ್ವರ್ ಆವೃತ್ತಿಯಲ್ಲಿ ಫೈರ್‌ವಾಲ್ ಚಾಲೂ ಇರಬೇಕು, ಹೆಸರಿಸಿದ ಕೆಲವೇ ಪೋರ್ಟುಗಳು ಮಾತ್ರ ತೆರೆದಿರಬಹುದು. ಬಿಡುಗಡೆಯಾದ ಮೇಲೆ ತಿದ್ದುಪಡಿ ಕಳಿಸಿ ಸರಿಪಡಿಸಲಾಗದಂಥ ಗಂಭೀರ ಭದ್ರತಾ ದೋಷ ಗೊತ್ತಿದ್ದೂ ಉಳಿದಿರಬಾರದು.

ಷರತ್ತನ್ನು ಮುರಿಯುವ ದೋಷ ಕಂಡುಬಂದರೆ ಅದು ಬಿಡುಗಡೆಯನ್ನೇ ತಡೆಯುವ ದೋಷ. ಅಂಥದ್ದೊಂದು ಇದೆ ಎಂದು ಯಾರು ಬೇಕಾದರೂ ಸೂಚಿಸಬಹುದು. ಕೊನೆಗೆ ‘ಹೊರಡೋಣವೇ, ನಿಲ್ಲೋಣವೇ’ ಎಂದು ತೀರ್ಮಾನಿಸುವ ಸಭೆ ನಡೆಯುತ್ತದೆ. ಅದೂ ಬಹಿರಂಗವಾಗಿ. ನಮ್ಮ ಕೈಮರದಂತೆಯೇ, ಅಲ್ಲವೆ?

ಈ ಷರತ್ತುಗಳು ಕಾಗದದ ಮೇಲೆ ಮಾತ್ರ ಇವೆಯೇ ಎಂದು ನೀವು ಕೇಳಬಹುದು. 2022ರ ಅಕ್ಟೋಬರಿನಲ್ಲಿ ಫೆಡೋರಾ 37 ಬಿಡುಗಡೆಗೆ ಹತ್ತಿರವಾಗಿತ್ತು. ಅಷ್ಟರಲ್ಲಿ, ಇಂಟರ್‌ನೆಟ್ಟಿನ ಮಾತುಕತೆಯನ್ನು ಗೂಢಲಿಪಿಗೆ ತಿರುಗಿಸುವ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದವರು, ಅತಿ ಗಂಭೀರವಾದ ದೋಷವೊಂದಕ್ಕೆ ನವೆಂಬರ್ 1ರಂದು ತಿದ್ದುಪಡಿ ಕೊಡುತ್ತೇವೆ ಎಂದು ಮುನ್ಸೂಚನೆ ನೀಡಿದರು. ದೋಷ ಏನೆಂದು ಆಗ ಹೊರಗಿನವರಿಗೆ ಗೊತ್ತಿರಲಿಲ್ಲ. ಫೆಡೋರಾದವರು ಬಿಡುಗಡೆಯನ್ನು ಎರಡು ವಾರ ಮುಂದೂಡಿದರು. ನವೆಂಬರ್ 1ರಂದು ನೋಡಿದರೆ ದೋಷ ಮೊದಲು ಅಂದುಕೊಂಡಷ್ಟು ಭೀಕರವಾಗಿರಲಿಲ್ಲ. ಅದರ ಗಂಭೀರತೆಯನ್ನು ಒಂದು ಮೆಟ್ಟಿಲು ಇಳಿಸಲಾಯಿತು. ಫೆಡೋರಾ 37 ನವೆಂಬರ್ 15ರಂದು ಹೊರಬಂತು. ಸುಮ್ಮನೆ ತಡವಾಯಿತಲ್ಲ ಎಂದು ಕೆಲವರಿಗೆ ಅನಿಸಿರಬಹುದು. ಆದರೆ ಗೊತ್ತಿಲ್ಲದಿದ್ದಾಗ ಯಾವ ಕಡೆಗೆ ವಾಲಬೇಕು ಎಂಬುದೇ ಇಲ್ಲಿನ ಪ್ರಶ್ನೆ.

ಬಾಗಿಲನ್ನೇ ಇಡದಿರುವುದು

ಕಂಪ್ಯೂಟರಿಗೆ ಹೊರಗಿನಿಂದ ಬರುವ ದಾರಿಗಳಿಗೆ ಪೋರ್ಟು ಎನ್ನುತ್ತಾರೆ. ಅವು 65 ಸಾವಿರಕ್ಕೂ ಹೆಚ್ಚು ಇವೆ. ಪೋರ್ಟು ಎಂದರೆ ಸಂಖ್ಯೆ ಕೊಟ್ಟ ಬಾಗಿಲು ಅಂದುಕೊಳ್ಳಿ. ಒಳಗಡೆ ಯಾವುದಾದರೂ ಪ್ರೋಗ್ರಾಂ ಆ ಬಾಗಿಲಿಗೆ ಕಿವಿಗೊಟ್ಟು ಕುಳಿತಿದ್ದರೆ ಮಾತ್ರ ತಟ್ಟಿದವರಿಗೆ ಉತ್ತರ ಸಿಗುತ್ತದೆ.

ಹಾಗಾಗಿ ಕಾಪಾಡುವುದಕ್ಕೆ ಎರಡು ಉಪಾಯಗಳಿವೆ. ಒಂದು, ಮನೆಯ ಸುತ್ತ ಗೋಡೆ ಕಟ್ಟುವುದು. ಇದು ಫೈರ್‌ವಾಲ್. ಎರಡು, ಬೇಡದ ಬಾಗಿಲನ್ನು ಇಡದೇ ಇರುವುದು. 2004ರ ಅಕ್ಟೋಬರಿನಲ್ಲಿ ಮೊದಲ ಸಲ ಬಂದ ಉಬುಂಟು ಎರಡನೆಯ ದಾರಿ ಹಿಡಿಯಿತು. ಹೊಸದಾಗಿ ಅನುಸ್ಥಾಪಿಸಿದ ಉಬುಂಟುವಿನಲ್ಲಿ ಹೊರಗಿನವರಿಗಾಗಿ ಕಾದು ಕೂರುವ ಸೇವೆ ಇರಬಾರದು ಎಂಬುದು ಅವರ ನೀತಿ. ಸಂಪರ್ಕಕ್ಕೆ ತೀರಾ ಅಗತ್ಯವಾದ ಒಂದೆರಡಕ್ಕೆ ಮಾತ್ರ ವಿನಾಯಿತಿ. ಜೊತೆಗೆ ‘ರೂಟ್’ ಎಂಬ ಸರ್ವಾಧಿಕಾರಿ ಖಾತೆಗೆ ಪಾಸ್‌ವರ್ಡೇ ಇರುವುದಿಲ್ಲ, ಅದನ್ನು ಮುಚ್ಚಿಯೇ ಕೊಡುತ್ತಾರೆ. ದೊಡ್ಡ ಬದಲಾವಣೆ ಮಾಡಬೇಕಾದಾಗ ಪಾಸ್‌ವರ್ಡು ಕೇಳುತ್ತದೆ.

ಕೆನಡಾದ ಥಿಯೊ ಡಿ ರಾಟ್ 1995ರಲ್ಲಿ ಆರಂಭಿಸಿದ ಓಪನ್‌ಬಿಎಸ್‌ಡಿ ಇನ್ನೂ ಕಟ್ಟುನಿಟ್ಟು. ‘ಪೂರ್ವನಿಯೋಜಿತವಾಗಿಯೇ ಸುರಕ್ಷಿತ’ ಎಂಬುದು ಅವರ ಘೋಷಣೆ. ತಮ್ಮ ಮೂಲ ಅನುಸ್ಥಾಪನೆಯಲ್ಲಿ ದೂರದಿಂದ ನುಗ್ಗಬಹುದಾದ ರಂಧ್ರ ಇಲ್ಲ ಎಂದು ಅವರು ವರ್ಷಗಟ್ಟಲೆ ಹೇಳಿಕೊಂಡಿದ್ದರು. 2002ರಲ್ಲಿ ಒಂದು ರಂಧ್ರ ಸಿಕ್ಕಿತು, 2007ರಲ್ಲಿ ಇನ್ನೊಂದು. ಅವರು ಮುಚ್ಚಿಡಲಿಲ್ಲ. ಘೋಷಣೆಯಲ್ಲೇ ‘ಒಂದು’ ಎಂದೂ ಆಮೇಲೆ ‘ಎರಡು’ ಎಂದೂ ತಿದ್ದಿಕೊಂಡರು. ಎಣಿಸುವುದು, ಎಣಿಸಿದ್ದನ್ನು ಬಹಿರಂಗವಾಗಿ ಬರೆಯುವುದು – ಇದು ವಿಜ್ಞಾನದ ದಾರಿಯೇ ತಾನೆ?

ಬಿಗಿ ಎಷ್ಟಿರಬೇಕು?

ಹಾಗಾದರೆ ಎಲ್ಲವನ್ನೂ ಬಿಗಿಯಾಗಿ ಮುಚ್ಚಿಬಿಟ್ಟರೆ ಆಯಿತಲ್ಲವೇ? ಅದೂ ಸರಿಯಲ್ಲ. ಶಾಲೆಯ ಗೇಟಿನ ಬೀಗ ತೆಗೆಯಲು ಪ್ರತಿ ಸಲವೂ ಹತ್ತು ನಿಮಿಷ ಹಿಡಿದರೆ ಏನಾಗುತ್ತದೆ? ಒಂದು ವಾರದಲ್ಲಿ ಯಾರೋ ಒಬ್ಬರು ಗೇಟಿಗೆ ಕಲ್ಲು ಇಟ್ಟು ತೆರೆದೇ ಬಿಡುತ್ತಾರೆ.

ಎಸ್‌ಇಲಿನಕ್ಸ್ ಕಥೆ ಇದನ್ನೇ ಹೇಳುತ್ತದೆ. 2004ರ ಮೇ ತಿಂಗಳಲ್ಲಿ ಬಂದ ಫೆಡೋರಾ ಕೋರ್ 2ರಲ್ಲಿ ಅದನ್ನು ಸೇರಿಸಿದರು. ಆದರೆ ಅದರ ನಿಯಮಗಳು ಎಷ್ಟು ಬಿಗಿಯಾಗಿದ್ದವೆಂದರೆ ದಿನನಿತ್ಯದ ಕೆಲಸಕ್ಕೂ ಅಡ್ಡಿಯಾಗುತ್ತಿತ್ತು. ಹೀಗಾಗಿ ಬಿಡುಗಡೆಯ ಹೊತ್ತಿಗೆ ಅದನ್ನು ಪೂರ್ವನಿಯೋಜಿತವಾಗಿ ಆರಿಸಿಯೇ ಕೊಟ್ಟರು. ಅದೇ ವರ್ಷದ ನವೆಂಬರಿನಲ್ಲಿ ಬಂದ ಫೆಡೋರಾ ಕೋರ್ 3ರಲ್ಲಿ ಬೇರೆ ಯೋಚನೆ ಮಾಡಿದರು. ಎಲ್ಲವನ್ನೂ ಕಾಯುವ ಬದಲು, ಹೊರಗಿನ ಸಂಪರ್ಕಕ್ಕೆ ಬರುವ ಅಪಾಯದ ಕೆಲವು ಸೇವೆಗಳನ್ನು ಮಾತ್ರ ಕಾಯುವ ನಿಯಮ ಮಾಡಿ, ಅದನ್ನು ಚಾಲೂ ಸ್ಥಿತಿಯಲ್ಲಿ ಕೊಟ್ಟರು. ಮುಂದೆ ನಿಧಾನವಾಗಿ ಕಾವಲಿನ ವ್ಯಾಪ್ತಿ ಹೆಚ್ಚಿತು. ಜನ ಆರಿಸದೆ ಉಳಿಸಿಕೊಳ್ಳುವ ಸಾಧಾರಣ ಕಾವಲು, ಜನ ಆರಿಸಿಬಿಡುವ ಮಹಾಕಾವಲಿಗಿಂತ ಮೇಲು.

ವಾದಗಳೂ ಇರುತ್ತವೆ. 2014ರ ಡಿಸೆಂಬರಿನಲ್ಲಿ ಬಂದ ಫೆಡೋರಾ 21ರ ಮೇಜುಗಣಕ ಆವೃತ್ತಿಯಲ್ಲಿ ಫೈರ್‌ವಾಲ್ ಇದ್ದರೂ 1024ಕ್ಕಿಂತ ಮೇಲಿನ ಪೋರ್ಟುಗಳನ್ನು ತೆರೆದೇ ಬಿಟ್ಟಿದ್ದರು. ಹಾಡು, ಚಿತ್ರ ಹಂಚಿಕೊಳ್ಳುವಂಥ ಪ್ರೋಗ್ರಾಮುಗಳು ತೊಂದರೆಯಿಲ್ಲದೆ ನಡೆಯಲಿ ಎಂಬುದು ಕಾರಣ. ಹಾಗಿದ್ದರೆ ಗೋಡೆ ಯಾಕೆ ಬೇಕು ಎಂದು ಹಲವರು ತಕರಾರು ತೆಗೆದರು. ಯಾರು ಸರಿ ಎಂಬುದಕ್ಕಿಂತ ನನಗೆ ಮುಖ್ಯವಾಗಿ ಕಂಡದ್ದು, ಆ ಚರ್ಚೆ ಎಲ್ಲರ ಕಣ್ಣೆದುರು ನಡೆಯಿತು ಎಂಬುದು. ನಿರ್ಧಾರ ಎಲ್ಲಿ ಬರೆದಿದೆ, ಯಾಕೆ ಹಾಗೆ ಮಾಡಿದರು ಎಂದು ತಿಳಿದುಕೊಳ್ಳಲು ನಮಗೆ ಹಕ್ಕಿದೆ. ಒಪ್ಪದಿದ್ದರೆ ಬದಲಾಯಿಸಿಕೊಳ್ಳಲೂ ಹಕ್ಕಿದೆ.

ನಮ್ಮ ಶಾಲೆಗಳ ಮಾತು

ಇದೆಲ್ಲ ಹೊರದೇಶದ ಸಂಗತಿ ಎಂದು ಅಂದುಕೊಳ್ಳಬೇಡಿ. ಚೆನ್ನೈನ ಸಿ-ಡ್ಯಾಕ್ ಕೇಂದ್ರ ಡೆಬಿಯನ್ ಆಧಾರದಲ್ಲಿ ಸಿದ್ಧಪಡಿಸಿದ ‘ಬಾಸ್’ ಎಂಬ ಭಾರತೀಯ ಆಪರೇಟಿಂಗ್ ಸಿಸ್ಟಂ 2007ರಲ್ಲಿ ಹೊರಬಂತು. ಅದರಲ್ಲಿ ಕನ್ನಡವೂ ಇದೆ. ಕರ್ನಾಟಕದಲ್ಲಿ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯಲ್ಲಿ ಪ್ರೌಢಶಾಲಾ ಶಿಕ್ಷಕರು ಉಬುಂಟುವಿನಲ್ಲೇ ಕಲಿತರು. ಜಿಯೋಜೀಬ್ರಾದಲ್ಲಿ ರೇಖಾಗಣಿತ ಕಲಿಸಿದರು.

ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಿಗೆ ಇದು ಇನ್ನೂ ಹತ್ತಿರದ ಮಾತು. ಕೇರಳದ ‘ಐಟಿ ಅಟ್ ಸ್ಕೂಲ್’ ಯೋಜನೆ 2001ರಲ್ಲಿ ಆರಂಭವಾಗಿ 2017ರಲ್ಲಿ ‘ಕೈಟ್’ ಎಂಬ ಸಂಸ್ಥೆಯಾಯಿತು. ಅದು ಶಾಲೆಗಳಿಗೆಂದೇ ಗ್ನೂ/ಲಿನಕ್ಸಿನ ತನ್ನ ಆವೃತ್ತಿಯನ್ನು ಸಿದ್ಧಪಡಿಸುತ್ತದೆ. ಅಲ್ಲಿನ ಕನ್ನಡ ಮಕ್ಕಳು ಕನ್ನಡದಲ್ಲೇ ಮುದ್ರಿಸಿದ ಮಾಹಿತಿ ತಂತ್ರಜ್ಞಾನ ಪಠ್ಯಪುಸ್ತಕ ಇಟ್ಟುಕೊಂಡು ಅದರಲ್ಲಿ ಕಲಿಯುತ್ತಾರೆ.

ಇಲ್ಲೊಂದು ಸೂಕ್ಷ್ಮ ಇದೆ. ಮೂಲ ಉಬುಂಟುವನ್ನು ಅದರ ತಂಡ ಪರೀಕ್ಷಿಸಿರುತ್ತದೆ. ಶಾಲೆಗಾಗಿ ಅದಕ್ಕೆ ನಾವು ಹತ್ತಾರು ಪ್ರೋಗ್ರಾಮುಗಳನ್ನು ಸೇರಿಸಿದಾಗ, ಎಲ್ಲರಿಗೂ ಸುಲಭವಾಗಲಿ ಎಂದು ಒಂದೇ ಪಾಸ್‌ವರ್ಡು ಇಟ್ಟಾಗ, ಅದು ಪರೀಕ್ಷೆಯಾದ ವಸ್ತುವಾಗಿ ಉಳಿಯುವುದಿಲ್ಲ. ಅಡುಗೆಮನೆಯಲ್ಲಿ ರುಚಿ ನೋಡಿದ ಸಾಂಬಾರಿಗೆ ದಾರಿಯಲ್ಲಿ ಯಾರೋ ಏನನ್ನೋ ಬೆರೆಸಿದರೆ ಮತ್ತೆ ರುಚಿ ನೋಡಬೇಕಲ್ಲವೇ? ಆದ್ದರಿಂದ ರಾಜ್ಯಮಟ್ಟದಲ್ಲಾಗಲಿ, ದಾನಿಗಳಾಗಲಿ, ಗುತ್ತಿಗೆದಾರರಾಗಲಿ, ಶಾಲೆಗೆಂದು ಸಿದ್ಧಪಡಿಸಿದ ಪ್ರತಿ ಕಂಪ್ಯೂಟರಿಗೂ ಬರಹದಲ್ಲಿ ಇಟ್ಟ ಷರತ್ತುಗಳಿರಬೇಕು. ಅದನ್ನು ಕೇಳುವ ಹಕ್ಕು ತೆಗೆದುಕೊಳ್ಳುವವರಾದ ನಮಗಿದೆ.

ಇನ್ನೊಂದು ಮಾತು. ಬಿಡುಗಡೆಯ ದಿನದ ಭದ್ರತೆ ಶಾಶ್ವತವಲ್ಲ. ಉಬುಂಟುವಿನ ದೀರ್ಘಾವಧಿ ಆವೃತ್ತಿಗಳಿಗೆ ಸಾಮಾನ್ಯವಾಗಿ ಐದು ವರ್ಷ ತಿದ್ದುಪಡಿ ಸಿಗುತ್ತದೆ. 16.04ಕ್ಕೆ ಅದು 2021ರ ಏಪ್ರಿಲಿನಲ್ಲಿ ಮುಗಿಯಿತು, 18.04ಕ್ಕೆ 2023ರ ಮೇ ತಿಂಗಳಲ್ಲಿ, 20.04ಕ್ಕೆ 2025ರ ಮೇ ತಿಂಗಳಲ್ಲಿ. ಸ್ವತಂತ್ರ ತಂತ್ರಾಂಶ ಎಂದ ಮಾತ್ರಕ್ಕೆ ವೈರಸ್ಸು ಬರುವುದೇ ಇಲ್ಲ ಎಂಬ ನಂಬಿಕೆಯೂ ಬೇಡ. ಅವಧಿ ಮುಗಿದ ಔಷಧಿಯ ಹಾಗೆ, ಅವಧಿ ಮುಗಿದ ಆವೃತ್ತಿಯನ್ನೂ ನೋಡಬೇಕು.

ನಿಮ್ಮ ಶಾಲೆಯ ಬಿಡುಗಡೆ ಷರತ್ತುಗಳು

ಫೆಡೋರಾದವರಿಗೆ ಉದ್ದನೆಯ ಪಟ್ಟಿ ಬೇಕು. ನಮಗೆ ಎಂಟು ಸಾಲು ಸಾಕು. ಹೊಸ ಕಂಪ್ಯೂಟರಿನ ಮುಂದೆ ಮೊದಲ ಮಗು ಕೂರುವ ಮೊದಲು ಇವನ್ನು ನೋಡಿ. ದುರಸ್ತಿಗೆ ಹೋಗಿ ಬಂದಾಗಲೂ ನೋಡಿ.

1. ಮಕ್ಕಳಿಗೆ ಬೇರೆ ಖಾತೆ ಇದೆಯೇ? ಅದಕ್ಕೆ ಆಡಳಿತದ ಅಧಿಕಾರ ಇಲ್ಲ ತಾನೆ?

2. ಕೊಟ್ಟವರು ಇಟ್ಟಿದ್ದ ಪಾಸ್‌ವರ್ಡನ್ನು ಬದಲಾಯಿಸಿದ್ದೀರಾ? ಹೊಸದನ್ನು ಪರದೆಗೆ ಅಂಟಿಸಬೇಡಿ. ಕಾಗದದಲ್ಲಿ ಬರೆದು ಲಕೋಟೆಯಲ್ಲಿ ಹಾಕಿ ಮುಖ್ಯ ಶಿಕ್ಷಕರ ಬೀರುವಿನಲ್ಲಿಡಿ.

3. ಪೆನ್‌ಡ್ರೈವಿನಲ್ಲಿರುವ ಪ್ರೋಗ್ರಾಂ ಕೇಳದೆ ಓಡುವುದಿಲ್ಲ ತಾನೆ?

4. ಫೈರ್‌ವಾಲ್ ಚಾಲೂ ಇದ್ದೆಯೇ ಎಂದು ನೋಡಿದಿರಾ? ಉಬುಂಟುವಿನಲ್ಲಿ ಅದು ಇರುತ್ತದೆ, ಆದರೆ ಆರಿರುತ್ತದೆ. ಚಾಲೂ ಮಾಡುವುದು ಸುಲಭ.

5. ಆವೃತ್ತಿ ಯಾವುದು? ಅದಕ್ಕೆ ಯಾವ ವರ್ಷದವರೆಗೆ ತಿದ್ದುಪಡಿ ಸಿಗುತ್ತದೆ? ತಿಂಗಳಿಗೊಮ್ಮೆಯಾದರೂ ಇಂಟರ್‌ನೆಟ್ಟಿಗೆ ಸೇರಿಸಿ ತಿದ್ದುಪಡಿ ಪಡೆಯುತ್ತಿದ್ದೀರಾ?

6. ರೌಟರು, ಸಿಸಿಟಿವಿ ಕ್ಯಾಮೆರಾಗಳ ಕಾರ್ಖಾನೆ ಪಾಸ್‌ವರ್ಡು ಬದಲಾಗಿದೆಯೇ?

7. ಮಕ್ಕಳ ಆಧಾರ್, ಬ್ಯಾಂಕ್ ವಿವರಗಳು ಮಕ್ಕಳೇ ಬಳಸುವ ಕಂಪ್ಯೂಟರಿನಲ್ಲಿ ಇಲ್ಲ ತಾನೆ?

8. ಮುಖ್ಯ ಕಡತಗಳ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ, ಬೇರೆ ಕೋಣೆಯಲ್ಲಿ ಇದೆಯೇ? ವಾರಕ್ಕೊಮ್ಮೆ, ಶನಿವಾರದ ಬೆಳಗಿನ ತರಗತಿ ಮುಗಿದ ಮೇಲೆ, ಹತ್ತು ನಿಮಿಷದ ಕೆಲಸ.

ಮಕ್ಕಳೊಡನೆ ಮಾಡಿ ನೋಡಿ

ಇದನ್ನು ಕಂಪ್ಯೂಟರು ಇಲ್ಲದ ಶಾಲೆಯಲ್ಲೂ ಮಾಡಬಹುದು. ಮನೆಯಲ್ಲಿರುವ ಹತ್ತು ವಸ್ತುಗಳ ಪಟ್ಟಿ ಮಾಡಲು ಮಕ್ಕಳಿಗೆ ಹೇಳಿ. ಪ್ರೆಷರ್ ಕುಕ್ಕರು, ಗ್ಯಾಸ್ ರೆಗ್ಯುಲೇಟರು, ಕರೆಂಟಿನ ಎಂಸಿಬಿ, ಸೈಕಲ್ ಬ್ರೇಕು, ನೀರಿನ ಟ್ಯಾಂಕು, ಅಪ್ಪನ ಮೊಬೈಲು. ಪ್ರತಿಯೊಂದರ ಎದುರು ಎರಡು ಪ್ರಶ್ನೆಗೆ ಉತ್ತರ ಬರೆಯಲಿ. ಯಾರೂ ಏನೂ ಮಾಡದಿದ್ದರೆ ಇದು ಯಾವ ಸ್ಥಿತಿಯಲ್ಲಿರುತ್ತದೆ? ಏನಾದರೂ ಕೆಟ್ಟರೆ ಯಾವ ಕಡೆಗೆ ವಾಲುತ್ತದೆ, ಸುರಕ್ಷಿತ ಕಡೆಗೋ ಅಪಾಯದ ಕಡೆಗೋ?

ಕುಕ್ಕರಿನ ಸುರಕ್ಷಾ ಕವಾಟ ಕರಗಿ ಉಗಿಯನ್ನು ಹೊರಬಿಡುತ್ತದೆ, ಅದು ಸುರಕ್ಷಿತ ಕಡೆ. ಸೈಕಲ್ಲಿನ ಬ್ರೇಕ್ ತಂತಿ ತುಂಡಾದರೆ ಸೈಕಲ್ ನಿಲ್ಲುವುದಿಲ್ಲ, ಅದು ಅಪಾಯದ ಕಡೆ. ಕೈಮರದ ತಂತಿಗೂ ಸೈಕಲ್ಲಿನ ತಂತಿಗೂ ಇರುವ ವ್ಯತ್ಯಾಸವನ್ನು ಮಕ್ಕಳೇ ಕಂಡುಹಿಡಿಯುತ್ತಾರೆ. ನೋಡಿ, ಅದು ಎಷ್ಟು ಒಳ್ಳೆಯ ಚರ್ಚೆಯಾಗುತ್ತದೆ ಎಂದು.

ಕೊನೆಯದಾಗಿ ಒಂದು ಸಲಹೆ. ಶಾಲೆಗೆ ಕಂಪ್ಯೂಟರು ಬಂದಾಗ ಮಾನಿಟರ್ ಒಂದು, ಕೀಲಿಮಣೆ ಒಂದು, ಮೌಸ್ ಒಂದು ಎಂದು ದಾಸ್ತಾನು ವಹಿಯಲ್ಲಿ ಬರೆದು ಸಹಿ ಮಾಡುತ್ತೇವೆ. ಇನ್ನು ಮುಂದೆ ಅದರ ಕೆಳಗೆ ಇನ್ನೊಂದು ಸಾಲು ಬರೆಯಿರಿ: ಮೇಲಿನ ಎಂಟರಲ್ಲಿ ಎಷ್ಟು ಸರಿಯಿವೆ, ಎಷ್ಟು ಸರಿಯಿಲ್ಲ, ಸರಿಯಿಲ್ಲದ್ದನ್ನು ಯಾರು ಎಂದಿಗೆ ಸರಿಮಾಡಿಕೊಡುತ್ತಾರೆ. ಕೊಡಲು ಬಂದವರ ಸಹಿಯನ್ನೂ ಅದೇ ಸಾಲಿನ ಎದುರು ಹಾಕಿಸಿಕೊಳ್ಳಿ.